ಎರಡು ಶಾಸನಗಳ ನಡುವಿನ ನಾಟಕ

ಬಾದಾಮಿಯ ಮೂರನೆಯ ಗುಹೆಗೆ ಹೋದವರು ಶೇಷನ ಮೇಲೆ ಕುಳಿತ ವಿಷ್ಣುವನ್ನು, ಕಾಲೆತ್ತಿದ ತ್ರಿವಿಕ್ರಮನನ್ನು ನೋಡಿ ಹೊರಬರುತ್ತಾರೆ. ಅಲ್ಲಿಯೇ ಇರುವ ಶಾಸನದ ಮುಂದೆ ನಿಲ್ಲುವವರು ಕಡಿಮೆ. ಶಕ 500, ಅಂದರೆ ಕ್ರಿ.ಶ. 578ರ ಕಾರ್ತಿಕ ಹುಣ್ಣಿಮೆಯ ಶಾಸನ ಅದು. ಗುಹೆಯನ್ನು ಮಾಡಿಸಿದವನು ಚಾಲುಕ್ಯ ಮಂಗಲೇಶ. ಆಗ ಅವನು ರಾಜನಲ್ಲ, ರಾಜ ಕೀರ್ತಿವರ್ಮನ ತಮ್ಮ. ಇದರಿಂದ ಬರುವ ಪುಣ್ಯವೆಲ್ಲ ಅಣ್ಣನಿಗೆ ಸಲ್ಲಲಿ, ಅಣ್ಣನ ಸೇವೆ ಮಾಡಿದ ಫಲವಷ್ಟೇ ತನಗಿರಲಿ ಎಂದು ಸೂರ್ಯ, ಅಗ್ನಿ ಮತ್ತು ನೆರೆದ ಜನರ ಎದುರು ಅವನು ಧಾರೆ ಎರೆದ ಎಂಬುದು ಅದರ ಸಾರ.

ಅಲ್ಲಿಂದ ಹುನಗುಂದ ತಾಲ್ಲೂಕಿನ ಐಹೊಳೆಗೆ ಹೋಗಿ ಮೇಗುತಿ ಗುಡ್ಡ ಹತ್ತಿದರೆ, ಜಿನಾಲಯದ ಗೋಡೆಯಲ್ಲಿ ಅದೇ ಮಂಗಲೇಶ ಮತ್ತೆ ಸಿಗುತ್ತಾನೆ. ಇದು 634ರ ಶಾಸನ. ಬರೆದವನು, ತಾನು ಕಾಳಿದಾಸ ಭಾರವಿಯರಿಗೆ ಸಮನೆಂದು ಹೇಳಿಕೊಂಡ ರವಿಕೀರ್ತಿ. ಹೊಗಳಿಸಿಕೊಂಡವನು ಕೀರ್ತಿವರ್ಮನ ಮಗ ಇಮ್ಮಡಿ ಪುಲಕೇಶಿ. ಅಣ್ಣನ ನಂತರ ಪಟ್ಟವೇರಿದ ಮಂಗಲೇಶ ಕಳಚೂರಿಗಳನ್ನು ಗೆದ್ದ, ರೇವತೀದ್ವೀಪವನ್ನು ಹಿಡಿದ. ಆಮೇಲೆ ಅಣ್ಣನ ಮಗನ ಮೇಲೆ ಮತ್ಸರ ತಾಳಿದ, ರಾಜ್ಯವನ್ನು ತನ್ನ ಮಗನಿಗೆ ಉಳಿಸಲು ಹೊರಟ, ರಾಜ್ಯದ ಜತೆಗೆ ಪ್ರಾಣವನ್ನೂ ಕಳೆದುಕೊಂಡ. ಇಷ್ಟನ್ನು ಹೇಳಿ ಕವಿ ಪುಲಕೇಶಿಯ ದಿಗ್ವಿಜಯಕ್ಕೆ ಮುಂದುವರಿಯುತ್ತಾನೆ.

ಎರಡು ಕಲ್ಲುಗಳ ನಡುವೆ 56 ವರ್ಷ. ಮೊದಲನೆಯದು ನಾಟಕದ ಮೊದಲ ಅಂಕ, ಎರಡನೆಯದು ಕೊನೆಯ ಅಂಕ. ನಡುವಿನ ಮೂರು ಅಂಕಗಳನ್ನು ಯಾರೂ ಬರೆದಿಲ್ಲ.

ಮ್ಯಾಕ್‌ಬೆತ್‌ನನ್ನು ಓದುವಾಗೆಲ್ಲ ನನಗೆ ಮಂಗಲೇಶನ ನೆನಪಾಗುತ್ತದೆ. 1895ರಲ್ಲೇ ಎಂ.ಎಲ್. ಶ್ರೀಕಂಠೇಶಗೌಡರು ಆ ನಾಟಕವನ್ನು 'ಪ್ರತಾಪರುದ್ರದೇವ' ಎಂದು ಕನ್ನಡಕ್ಕೆ ತಂದಿದ್ದರು. ಒಳ್ಳೆಯ ಸೇನಾನಿ ಆಸೆಗೆ ಬಿದ್ದು ಕೆಟ್ಟ ಎಂದು ಪರೀಕ್ಷೆಯಲ್ಲಿ ಬರೆದರೆ ಅಂಕ ಸಿಗುತ್ತವೆ. ಆದರೆ ನಾಟಕ ತೋರಿಸುವುದು ಅಷ್ಟೇ ಅಲ್ಲ. ಡಂಕನ್‌ನನ್ನು ಕೊಲ್ಲುವ ಮುನ್ನ ಮ್ಯಾಕ್‌ಬೆತ್ ಎಷ್ಟೊಂದು ಯೋಚಿಸುತ್ತಾನೆ. ಇವನು ನನ್ನ ಬಂಧು, ನನ್ನ ದೊರೆ, ನನ್ನ ಮನೆಯ ಅತಿಥಿ ಎಂದು ತಾನೇ ಲೆಕ್ಕ ಹಾಕುತ್ತಾನೆ. ಗೆಳೆಯ ಬ್ಯಾಂಕೋನ ಸರದಿ ಬಂದಾಗ ಹಿಂಜರಿಕೆ ಕಡಿಮೆಯಾಗಿರುತ್ತದೆ. ತನ್ನ ಕಿರೀಟ ಬ್ಯಾಂಕೋನ ಸಂತತಿಗೆ ಹೋಗುತ್ತದಲ್ಲ ಎಂಬ ಉರಿ ಸಾಕಾಗುತ್ತದೆ. ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳನ್ನು ಕೊಲ್ಲಿಸುವಾಗ ಯೋಚನೆಯೇ ಇಲ್ಲ. ಕೊಲೆಯಿಂದ ಕೊಲೆಗೆ ಆ ಹಿಂಜರಿಕೆ ಸವೆಯುವುದನ್ನೇ ನಾನು ಅವನ ಪತನ ಎನ್ನುತ್ತೇನೆ. ಮಂಗಲೇಶನಿಗೂ ಅಂಥ ಹಿಂಜರಿಕೆಯ ರಾತ್ರಿಗಳು ಇದ್ದಿರಬೇಕು. ಆದರೆ ಗೆದ್ದವನ ಪ್ರಶಸ್ತಿಯಲ್ಲಿ ಸೋತವನ ಸ್ವಗತಕ್ಕೆ ಜಾಗವಿಲ್ಲ.

ಈ ವಿಷಯ ನನ್ನನ್ನು ಕಾಡಲು ಮನೆಯದೇ ಕಾರಣವಿದೆ. ನಾನು ಎರಡನೆಯ ಇಯತ್ತೆಯಲ್ಲಿದ್ದಾಗ ಅಪ್ಪ ತೀರಿಕೊಂಡರು. ಹೊಲವನ್ನು ಕಾಕಾ ನೋಡಿಕೊಂಡರು. 'ನಾ ಅದೀನಿ, ಚಿಂತಿ ಮಾಡಬ್ಯಾಡ್ರಿ' ಎಂದು ಅವ್ವನಿಗೆ ಹತ್ತು ಜನರ ಎದುರು ಹೇಳಿದ್ದರು. ಹಾಗೆಯೇ ನಡೆದುಕೊಂಡರು ಕೂಡ. ನನ್ನ ಫೀ ಕಟ್ಟಿದರು, ಸೈಕಲ್ ಕೊಡಿಸಿದರು, ಜ್ವರ ಬಂದಾಗ ಹೆಗಲ ಮೇಲೆ ಹೊತ್ತು ದವಾಖಾನೆಗೆ ಓಡಿದರು. ಆಮೇಲೆ ಆಲಮಟ್ಟಿಯ ಹಿನ್ನೀರಿನಲ್ಲಿ ಹೊಲ ಮುಳುಗಿತು. ಉತಾರದಲ್ಲಿ ಅವರ ಹೆಸರಿತ್ತು, ಪರಿಹಾರ ಅವರ ಕೈಗೆ ಬಂತು. ಅಷ್ಟರಲ್ಲಿ ಅವರ ಮಕ್ಕಳೂ ಬೆಳೆದಿದ್ದರು. ಬಾಗಲಕೋಟೆಯ ನವನಗರದಲ್ಲಿ ಪ್ಲಾಟು ಕಾಕಾನ ಮಗನ ಹೆಸರಿಗಾಯಿತು. ಹೆಗಲ ಮೇಲೆ ಹೊತ್ತದ್ದೂ ನಾಟಕವೇ ಎಂದು ಬೇಸರದಲ್ಲಿ ನಾನೊಮ್ಮೆ ಅಂದೆ. ಅವ್ವ ಒಪ್ಪಲಿಲ್ಲ. 'ಫೀ ಕಟ್ಟಿದಾಂವನೂ ಅಂವನ, ಪ್ಲಾಟ್ ಬರಸ್ಕೊಂಡಾಂವನೂ ಅಂವನ. ಒಂದ ಹಿಡಕೊಂಡು ಇನ್ನೊಂದ ಬಿಡಾಕ ಬರಂಗಿಲ್ಲ' ಎಂದಳು.

ಅವ್ವ ಕಾಲೇಜು ಕಂಡವಳಲ್ಲ, ಆದರೆ ನಾಟಕ ಬಲ್ಲವಳು. ಬನಶಂಕರಿ ಜಾತ್ರೆಯಲ್ಲಿ ಸಾಲಾಗಿ ಬೀಡುಬಿಡುವ ಕಂಪನಿಗಳ ತಂಬುಗಳಲ್ಲಿ, ಊರಿನ ಹುಡುಗರು ಕಟ್ಟಿದ ಅಟ್ಟದ ಎದುರು ಕುಳಿತು ಎಷ್ಟೋ ರಾತ್ರಿ ಕಳೆದವಳು. ನಮ್ಮ ಸೀಮೆಯ ಹಳ್ಳಿಗಳು ಹೆಚ್ಚು ಆಡಿದ ನಾಟಕಗಳಲ್ಲಿ 'ರಕ್ತರಾತ್ರಿ' ಒಂದು. ಬರೆದವರು ಇಳಕಲ್ ಕಡೆಯ ಕಂದಗಲ್ಲ ಊರಿನ ಹನುಮಂತರಾಯರು. ಜನ ಅವರನ್ನು ಕನ್ನಡದ ಷೇಕ್ಸ್‌ಪಿಯರ್ ಎಂದೇ ಕರೆದರು. ಅಶ್ವತ್ಥಾಮನ ಒಂದು ರಾತ್ರಿಯ ಕಥೆ ಅದು. ಅವನನ್ನು ಶಿಬಿರಕ್ಕೆ ಕರೆದೊಯ್ದದ್ದು ದುರಾಸೆಯಲ್ಲ. ಮೋಸಕ್ಕೆ ಬಲಿಯಾದ ತಂದೆಯ ಮೇಲಿನ ಪ್ರೀತಿ, ತೊಡೆ ಮುರಿದು ಬಿದ್ದ ಒಡೆಯನ ಮೇಲಿನ ನಿಷ್ಠೆ. ಮಲಗಿದವರನ್ನು ಕೊಲ್ಲುವುದು ಧರ್ಮವಲ್ಲ ಎಂದು ಸೋದರಮಾವ ಕೃಪ ಹೇಳಿದ್ದು ವ್ಯಾಸರ ಸೌಪ್ತಿಕ ಪರ್ವದಲ್ಲಿದೆ. ಕೇಳಿಯೂ ಅವನು ಹೊರಟ. ಬೆಳಗಾಗುವಷ್ಟರಲ್ಲಿ ದ್ರೌಪದಿಯ ಐದು ಮಕ್ಕಳು ಸತ್ತಿದ್ದರು.

ಮಂಗಲೇಶನನ್ನೂ ಕೆಡಿಸಿದ್ದು ಮಗನ ಮೇಲಿನ ಪ್ರೀತಿಯೇ ಇರಬಹುದು, ಕಾಕಾನದೂ ಅದೇ. ಒಳಗಿದ್ದ ಒಳ್ಳೆಯ ಗುಣ ಸತ್ತು ಕೆಟ್ಟದ್ದು ಹುಟ್ಟುತ್ತದೆ ಎಂದು ನಾವು ತಿಳಿಯುತ್ತೇವೆ. ಅದೇ ಗುಣ ಒಂದು ತಿರುವಿನಲ್ಲಿ ದಿಕ್ಕು ಬದಲಿಸುತ್ತದೆ, ಅಷ್ಟೇ. ಅದಕ್ಕೇ ಪತನವಾಗುತ್ತಿರುವುದು ಪತನಗೊಳ್ಳುವವನಿಗೆ ತಡವಾಗಿ ತಿಳಿಯುತ್ತದೆ. ತಾನಿನ್ನೂ ಪ್ರೀತಿಸುತ್ತಲೇ ಇದ್ದೇನೆ ಎಂದುಕೊಂಡಿರುತ್ತಾನೆ. ಹೀಗೆಂದ ಮಾತ್ರಕ್ಕೆ ತಪ್ಪು ಒಪ್ಪಾಗುವುದಿಲ್ಲ. ಪುಲಕೇಶಿಗೆ ಸಲ್ಲಬೇಕಾದದ್ದು ಪುಲಕೇಶಿಗೇ ಸಲ್ಲಬೇಕಿತ್ತು. ಸತ್ತ ಮಕ್ಕಳು ಎದ್ದು ಬರಲಿಲ್ಲ.

ಮುಂದಿನ ತಿಂಗಳು ಕಾಕಾನ ಮಗನ ಮದುವೆ. ಲಗ್ನಪತ್ರಿಕೆ ಕೊಡಲು ಅವರೇ ಬಂದಿದ್ದರು. ಮುದುಕರಾಗಿದ್ದಾರೆ, ನನ್ನ ಮುಖ ನೋಡದೆ ಮಾತಾಡಿದರು. ಪ್ಲಾಟಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತುವುದಿದೆ, ಮದುವೆ ಮುಗಿಯಲಿ. ಅಕ್ಷತೆಗೆ ಮಾತ್ರ ಹೋಗುತ್ತೇನೆ.