ರಜೆಯಲ್ಲಿ ನೀವು ಏನು ಮಾಡಿದಿರಿ?

ರದ್ದಿ ಕೊಳ್ಳುವವನು ಬಾಗಿಲಲ್ಲಿ ನಿಂತಿದ್ದ. ಮಗಳ ಒಂಬತ್ತನೇ ತರಗತಿಯ ನೋಟ್‌ಬುಕ್‌ಗಳನ್ನು ತಕ್ಕಡಿಗೆ ಹಾಕುವ ಮುನ್ನ ಖಾಲಿ ಹಾಳೆಗಳಿದ್ದರೆ ಹರಿದಿಟ್ಟುಕೊಳ್ಳೋಣವೆಂದು ಒಂದೊಂದನ್ನೇ ತಿರುವಿ ನೋಡುತ್ತಿದ್ದೆ. ಕನ್ನಡ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಕಣ್ಣು ನಿಂತಿತು. ‘ದಸರಾ ರಜೆಯನ್ನು ನಾನು ಕಳೆದ ಬಗೆ’ ಎಂಬ ಪ್ರಬಂಧ. ಎರಡು ಪುಟಗಳ ತುಂಬ ಅವಳ ದುಂಡನೆಯ ಅಕ್ಷರ. ಅಬ್ಬಾ, ಅಮ್ಮಿ, ಭಾಯಿಯೊಂದಿಗೆ ಜೋಗಕ್ಕೆ ಹೋದದ್ದು, ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳನ್ನು ಕಂಡದ್ದು, ಮುಖಕ್ಕೆ ನೀರಿನ ಹನಿ ಸಿಡಿದಾಗ ಅಮ್ಮಿ ಹೆದರಿ ಹಿಂದೆ ಸರಿದದ್ದು, ಎಲ್ಲವನ್ನೂ ಬರೆದಿದ್ದಳು. ಕೊನೆಯಲ್ಲಿ ಟೀಚರ್ ಕೆಂಪು ಶಾಯಿಯಲ್ಲಿ ‘ತುಂಬಾ ಚೆನ್ನಾಗಿದೆ’ ಎಂದು ಬರೆದಿದ್ದರು.

ನಿಜ ಹೇಳಬೇಕೆಂದರೆ, ನಾವು ಜೋಗಕ್ಕೆ ಒಮ್ಮೆಯೂ ಹೋದವರಲ್ಲ.

ನೋಟ್‌ಬುಕ್ ಹಿಡಿದು ಅಡುಗೆ ಮನೆಗೆ ಹೋದೆ. “ಇದೇನು ಸುಳ್ಳು ಬರೆದಿದ್ದೀ?” ಎಂದು ಗದರಿದೆ. ಅವಳು ಹಿಟ್ಟು ನಾದುತ್ತಿದ್ದವಳು ತಲೆ ಎತ್ತಲಿಲ್ಲ. “ಮತ್ತೇನು ಬರೆಯಲಿ ಅಮ್ಮಿ? ರಜೆಯಲ್ಲಿ ರೊಟ್ಟಿ ಮಾಡಿದೆ, ಪಾತ್ರೆ ತೊಳೆದೆ, ದಾದಿಯ ಕಾಲು ಒತ್ತಿದೆ ಅಂತ ಬರೆಯಲಾ? ಎರಡು ಸಾಲಿಗೆ ಮುಗಿದು ಹೋಗುತ್ತಿತ್ತು. ಟೀಚರ್ ಎರಡು ಪುಟ ಕೇಳಿದ್ದರು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆಚ್ಚು ನೋಯಿಸಿತು. ಅವಳಿಗಿಂತ ಒಂದೂವರೆ ವರ್ಷ ದೊಡ್ಡವನಾದ ಮಗ ರಜೆ ಬಂದರೆ ಫಜ್ರ್ ನಮಾಝ್ ಮುಗಿಸಿ ಬ್ಯಾಟು ಹಿಡಿದು ಹೊರಟವನು ಊಟದ ಹೊತ್ತಿಗೇ ಮನೆ ಸೇರುವುದು. ಎಲ್ಲಿಗೆ ಹೋಗಿದ್ದೆ ಎಂದು ನಾವು ಯಾರೂ ಕೇಳುವುದಿಲ್ಲ. ಮಗಳಿಗೆ ಶಾಲೆಯ ರಜೆ ಬಂದರೆ ನನಗೆ ಸಮಾಧಾನ, ಕೈಗೊಬ್ಬಳು ಸಿಕ್ಕಳಲ್ಲ ಎಂದು. ಒಂದೇ ಮನೆಯಲ್ಲಿ, ಒಂದೇ ರಜೆ ಇಬ್ಬರಿಗೆ ಎರಡು ಬಗೆಯಾಗಿ ಬರುತ್ತಿತ್ತು. ಅದನ್ನು ಹಂಚುತ್ತಿದ್ದವಳು ನಾನೇ.

ಆ ರಾತ್ರಿ ನಿದ್ದೆ ಬರಲಿಲ್ಲ. ಹುಬ್ಬಳ್ಳಿಯಲ್ಲೇ ಹುಟ್ಟಿ, ಹುಬ್ಬಳ್ಳಿಯಲ್ಲೇ ಮದುವೆಯಾದವಳು ನಾನು. ನಲವತ್ತು ದಾಟಿದೆ. ಈ ಅವಳಿ ನಗರದಲ್ಲಿ ನಾನು ನೋಡಿದ್ದಾದರೂ ಏನು ಎಂದು ಲೆಕ್ಕ ಹಾಕಿದೆ. ದುರ್ಗದಬೈಲಿನ ಬಟ್ಟೆ ಅಂಗಡಿಗಳು, ಹತ್ತಾರು ಶಾದಿ ಮಹಲುಗಳು, ಎರಡು ಆಸ್ಪತ್ರೆಗಳು, ಸಾವಾದ ಮನೆಗಳು. ಧಾರವಾಡಕ್ಕೆ ಹೋದದ್ದೆಲ್ಲ ಮದುವೆಗೆ, ಬಾಣಂತಿಯನ್ನು ನೋಡಲಿಕ್ಕೆ. ಯಾವುದಾದರೂ ಒಂದು ಕೆಲಸವಿಲ್ಲದೆ, ಯಾರದಾದರೂ ಒಂದು ಋಣ ತೀರಿಸುವುದಿಲ್ಲದೆ, ಸುಮ್ಮನೆ ನೋಡಲೆಂದು ನಾನು ಮನೆಯ ಹೊಸ್ತಿಲು ದಾಟಿದ ನೆನಪೇ ಬರಲಿಲ್ಲ.

ಈ ವರ್ಷ ಅವಳದು ಹತ್ತನೇ ತರಗತಿ. ದಸರಾ ರಜೆಯಲ್ಲೂ ವಿಶೇಷ ತರಗತಿಗಳು. ಎಲ್ಲ ಕಳೆದು ಉಳಿದದ್ದು ನಾಲ್ಕೇ ದಿನ. “ಈ ಸಲ ಮೂರು ದಿನ ಹೊರಗೆ ಹೋಗೋಣ. ಜೋಗಕ್ಕಲ್ಲ, ನಮ್ಮ ಊರಲ್ಲೇ” ಎಂದೆ. ಪತಿ ಅಂಗಡಿ ಬಿಟ್ಟು ಬರುವಂತಿರಲಿಲ್ಲ. ಆದರೆ “ಹೋಗಿ ಬನ್ನಿ, ಮಗನನ್ನೂ ಕರೆದುಕೊಂಡು ಹೋಗಿ” ಎಂದರು.

ಅತ್ತೆ ಒಪ್ಪಲಿಲ್ಲ. “ವಯಸ್ಸಿಗೆ ಬಂದ ಹುಡುಗಿ. ಯಾರಾದರೂ ನೋಡಿದರೆ ಏನಂದುಕೊಂಡಾರು? ನಾವೆಲ್ಲ ಹೀಗೆ ತಿರುಗಿದ್ದೆವಾ?” ಎಂದರು. ಅವರೊಂದಿಗೆ ವಾದಿಸುವುದು ನನ್ನ ರೂಢಿಯಲ್ಲ. ಮೆಲ್ಲಗೆ ಒಂದು ಮಾತು ಹೇಳಿದೆ. ಈದ್‌ನ ದಿನ ಅಬಿಸೀನಿಯಾದವರು ಮಸೀದಿಯ ಅಂಗಳದಲ್ಲಿ ಈಟಿಯಾಟ ಆಡುತ್ತಿದ್ದಾಗ ಪ್ರವಾದಿ(ಸ) ಅದನ್ನು ಆಯಿಶಾ(ರ)ರಿಗೆ ತೋರಿಸಿದರಲ್ಲವೇ? ಆಕೆಗೆ ತಾನಾಗಿ ಸಾಕೆನಿಸುವವರೆಗೆ ಮರೆಯಾಗಿ ನಿಂತೇ ಇದ್ದರಲ್ಲವೇ? ಇನ್ನು ಸಾಕು, ನಡೆ ಎಂದು ಅವಸರಪಡಿಸಲಿಲ್ಲ. ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯನ್ನು ನೋಡಬೇಕೆಂದು ಕುರ್‌ಆನ್ ಕರೆ ಕೊಡುವಾಗ ಅದು ಗಂಡಸರಿಗೆ ಮಾತ್ರ ಹೇಳಿದ್ದೆಂದು ನಾವೇಕೆ ತಿಳಿಯಬೇಕು? ಅತ್ತೆ ಉತ್ತರಿಸದೆ ತಸ್ಬೀಹ್ ಎಣಿಸತೊಡಗಿದರು.

ಮೊದಲ ದಿನ ಉಣಕಲ್ ಕೆರೆ. ನಾನು ನಸುಕಿಗೇ ಎದ್ದು ಚಪಾತಿ, ಪಲ್ಯ, ಖೀಮಾ, ಮಸಾಲೆ ಅನ್ನ, ಎರಡು ಬಗೆಯ ಚಟ್ನಿ ಮಾಡಿ ಡಬ್ಬಿಗಳನ್ನು ಕಟ್ಟಿದೆ. ಹೊರಡುವ ಹೊತ್ತಿಗೆ ಸೊಂಟ ಹಿಡಿದಿತ್ತು. ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾದ ಮೇಲೆ ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆಯುವುದು ನಮಗೆ ರೂಢಿಯಾಗಿದೆ. ಆದರೆ ಅದುವರೆಗೆ ಆ ಟಿಕೆಟಿನಲ್ಲಿ ನಾನು ಹೋದದ್ದು ದವಾಖಾನೆಗೆ, ತವರಿಗೆ ಮಾತ್ರ. ಸಾಮಾನ್ಯ ಬಸ್ಸಿನ ಕಂಡಕ್ಟರ್ ಡಬ್ಬಿಗಳ ಚೀಲ ನೋಡಿ, “ಏನ್ರಿ ಅಕ್ಕಾರ, ಯಾರ ಮನಿ ಕಾರ್ಯಕ್ಕ ಹೊಂಟೀರಿ?” ಎಂದು ಕೇಳಿದ. “ಯಾರ ಮನಿಗೂ ಅಲ್ರಿ, ಕೆರಿ ನೋಡಾಕ” ಎಂದಳು ಮಗಳು. ಅವನು ನಕ್ಕು ಟಿಕೆಟ್ ಕೊಟ್ಟ.

ಧಾರವಾಡದ ರಸ್ತೆಯಲ್ಲಿ ಓಡಾಡುವಾಗ ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ಉಣಕಲ್ ಕೆರೆ ಕಂಡಿದ್ದೆ. ನೀರಿನ ನಡುವೆ ಎತ್ತರಕ್ಕೆ ನಿಂತ ವಿವೇಕಾನಂದರ ಪ್ರತಿಮೆಯನ್ನೂ ಕಂಡಿದ್ದೆ. ಇಳಿದು ದಂಡೆಯಲ್ಲಿ ಕುಳಿತದ್ದು ಅದೇ ಮೊದಲು. ಮಳೆಗಾಲ ಕಳೆದ ಕೆರೆಯಲ್ಲಿ ನೀರು ತುಂಬಿತ್ತು. ಊಟ ಬಡಿಸಿದೆ, ತಟ್ಟೆ ಒರೆಸಿದೆ, ಡಬ್ಬಿ ಕಟ್ಟಿದೆ. ಮಗಳು ನನ್ನನ್ನೇ ನೋಡುತ್ತಿದ್ದವಳು, “ಅಮ್ಮಿ, ನೀನು ಅಡುಗೆ ಮನೆಯನ್ನೇ ಹೊತ್ತುಕೊಂಡು ಬಂದಿದ್ದೀ” ಎಂದಳು. ಹೌದಲ್ಲ ಎನಿಸಿತು.

ಅಸ್ರ್ ವೇಳೆಗೆ ನಮಾಝ್‌ನ ಚಿಂತೆ. ಹೆಣ್ಣುಮಕ್ಕಳು ಹೊರಗೆ ಹೊರಟರೆ ಎರಡು ಚಿಂತೆಗಳು ಬೆನ್ನಿಗಿರುತ್ತವೆ. ಒಂದು ನಮಾಝ್‌ಗೆ ಜಾಗ, ಇನ್ನೊಂದು ಶೌಚಾಲಯ. ಇದಕ್ಕೆ ಹೆದರಿ ನಮ್ಮಲ್ಲಿ ಎಷ್ಟೋ ಮಂದಿ ದಾರಿಯಲ್ಲಿ ನೀರನ್ನೇ ಕುಡಿಯುವುದಿಲ್ಲ. ಬಾಟಲಿ ನೀರಿನಲ್ಲಿ ವುಝೂ ಮಾಡಿ ಮರದ ಮರೆಯಲ್ಲಿ ಚಾದರ ಹಾಸಿದೆವು. ಪಕ್ಕದಲ್ಲಿ ಶೇಂಗಾ ಮಾರುತ್ತಿದ್ದ ಅಜ್ಜಿ ತನ್ನ ಬುಟ್ಟಿಯನ್ನು ಎತ್ತಿ ಆಚೆ ಇಟ್ಟು, “ಮಾಡ್ರಿ ತಾಯಿ, ನಿಮ್ಮ ಚೀಲಾ ನಾ ನೋಡ್ಕೋತೀನಿ” ಎಂದಳು. ನಮಾಝ್ ಮುಗಿಸಿದಾಗ ಸೂರ್ಯ ಕೆಳಗಿಳಿದು ನೀರೆಲ್ಲ ಕೆಂಪಾಗಿತ್ತು. ನಾಲ್ಕು ಗೋಡೆಗಳ ನಡುವೆ ಇಷ್ಟು ವರ್ಷ ‘ಸುಬ್‌ಹಾನಲ್ಲಾಹ್’ ಎಂದಿದ್ದೇನೆ. ಅಂದು ಆ ಪದ ಬಾಯಿಗೆ ತಾನಾಗಿ ಬಂತು.

ಎರಡನೆಯ ದಿನ ಧಾರವಾಡ. ಡಬ್ಬಿ ಬೇಡವೆಂದು ಮಕ್ಕಳಿಬ್ಬರೂ ಹಟ ಹಿಡಿದರು. ಚಿಗರಿ ಬಸ್ಸು ಹತ್ತಿದೆವು. 2018ರಿಂದ ಅವಳಿ ನಗರಗಳ ನಡುವೆ ತನ್ನದೇ ಪಥದಲ್ಲಿ ಓಡುವ ಬಸ್ಸಿದು. ಹೆಸರಿನ ಹಾಗೆ ಜಿಂಕೆಯಂತೆಯೇ ಓಡುತ್ತದೆ.

ಕರ್ನಾಟಕ ಕಾಲೇಜಿನ ಆವರಣದಲ್ಲಿ 2012ರಲ್ಲಿ ಆರಂಭವಾದ ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ. ಮುಟ್ಟಬೇಡಿ ಎನ್ನುವ ಬದಲು ಮುಟ್ಟಿ ನೋಡಿ, ಎಳೆದು ನೋಡಿ ಎನ್ನುವ ಜಾಗ ಅದು. ಮಗಳ ಮುಖ ಅರಳಿತು. ಒಂದು ಹಗ್ಗದ ರಾಟೆಯ ಮುಂದೆ ನನ್ನನ್ನು ನಿಲ್ಲಿಸಿ, “ಎಳಿ ಅಮ್ಮಿ. ಈಗ ಎರಡು ರಾಟೆಯದನ್ನು ಎಳಿ. ಯಾವುದು ಹಗುರ? ಯಾಕೆ ಹೇಳು?” ಎಂದಳು. ಮನೆಯಲ್ಲಿ ಕಲಿಸುವವಳು ಯಾವಾಗಲೂ ನಾನು. ಉಪ್ಪು ಎಷ್ಟು, ದುಪಟ್ಟಾ ಹೇಗೆ, ಮಾತು ಎಷ್ಟು ಎಂದು ಕಲಿಸುತ್ತಲೇ ಇರುತ್ತೇನೆ. ಹತ್ತನೇ ತರಗತಿಗೆ ಓದು ನಿಂತ ನನಗೆ ಅಂದು ಅವಳು ಟೀಚರ್ ಆದಳು. ಅವಳ ತಲೆಯಲ್ಲಿ ಏನೇನಿದೆ ಎಂಬುದು ರೊಟ್ಟಿ ಲಟ್ಟಿಸುವಾಗ ನನಗೆ ಗೊತ್ತಾಗುವುದು ಸಾಧ್ಯವೇ ಇರಲಿಲ್ಲ.

ಅಲ್ಲಿಂದ ಸಾಧನಕೇರಿಗೆ ಹೋದೆವು. ‘ನಾಕುತಂತಿ’ಗೆ 1973ರ ಜ್ಞಾನಪೀಠ ಪ್ರಶಸ್ತಿ ಪಡೆದ ಬೇಂದ್ರೆಯವರು ಬದುಕಿದ್ದ ಓಣಿ. ಮನೆಯ ಎದುರಿನ ಕೆರೆಯನ್ನು ನೋಡುತ್ತ ಮಗಳು, “ಇವರು ದಿನಾ ನೋಡಿದ್ದು ಇಷ್ಟೇ ಕೆರೇನಾ? ಇದಕ್ಕೇ ಅಷ್ಟು ಬರೆದರಾ?” ಎಂದಳು. ಬರೆಯಲಿಕ್ಕೆ ಜೋಗಕ್ಕೇ ಹೋಗಬೇಕಾಗಿಲ್ಲ ಎಂಬುದು ಅವಳಿಗೆ ತಾನಾಗಿ ಹೊಳೆದಿತ್ತು. ನಾನು ಸುಮ್ಮನಿದ್ದೆ. ಸಂಜೆ ಬಂಡಿಯ ಬಳಿ ಗಿರ್ಮಿಟ್, ಮಿರ್ಚಿ ಭಜಿ ತಿಂದೆವು. ಲೈನ್ ಬಜಾರಿನಲ್ಲಿ ಅತ್ತೆಗೆಂದು ಕಾಲು ಕಿಲೋ ಪೇಡೆ ಕೊಂಡೆವು. ಆ ದಿನ ನಾನು ಒಂದು ಪಾತ್ರೆಯನ್ನೂ ತೊಳೆಯಲಿಲ್ಲ.

ಪೇಡೆ ಬಾಯಿಗಿಡುತ್ತ ಅತ್ತೆ, “ನಾಳೆ ಎಲ್ಲಿಗೆ?” ಎಂದು ಕೇಳಿದರು. ರೈಲ್ವೆ ಮ್ಯೂಸಿಯಮ್ಮಿಗೆ ಎಂದೆ. ಸ್ವಲ್ಪ ಹೊತ್ತು ಬಿಟ್ಟು, “ಇಷ್ಟು ತಿರುಗಿದರೆ ಕಾವಲಿಗೆ ಒಬ್ಬರು ಹಿರಿಯರು ಬೇಕು. ನಾನೂ ಬರುತ್ತೇನೆ” ಎಂದರು. ಮಕ್ಕಳು ಮುಖ ಮುಖ ನೋಡಿಕೊಂಡು ನಕ್ಕರು.

ನನ್ನ ಮಾವನವರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಸದರ್ನ್ ಮರಾಠಾ ರೈಲ್ವೆಯ ಕಾಲದಿಂದಲೂ ಈ ವರ್ಕ್‌ಶಾಪ್ ಹುಬ್ಬಳ್ಳಿಯ ಎಷ್ಟೋ ಮನೆಗಳ ಒಲೆ ಉರಿಸಿದೆ. 2003ರಲ್ಲಿ ನೈರುತ್ಯ ರೈಲ್ವೆ ವಲಯ ಆರಂಭವಾದಾಗ ಹುಬ್ಬಳ್ಳಿಯೇ ಅದರ ಕೇಂದ್ರ ಕಚೇರಿಯಾಯಿತು. 2020ರಲ್ಲಿ ತೆರೆದ ಮ್ಯೂಸಿಯಮ್ಮಿನಲ್ಲಿ ಹಳೆಯ ಎಂಜಿನ್, ಬೋಗಿಗಳಿವೆ. ಮಲಪ್ರಭಾ, ಘಟಪ್ರಭಾ ಎಂಬ ಹೆಸರಿನ ಎರಡು ಹಳೆಯ ಕಟ್ಟಡಗಳಲ್ಲಿ ರೈಲ್ವೆಯವರು ಬಳಸುತ್ತಿದ್ದ ಹಳೆಯ ಸಾಮಾನುಗಳಿವೆ.

ಒಂದು ಕೈದೀಪದ ಮುಂದೆ ಅತ್ತೆ ನಿಂತುಬಿಟ್ಟರು. ಕರೆದರೂ ಬರಲಿಲ್ಲ. ಬಳಿಗೆ ಹೋದಾಗ ಮೆಲ್ಲಗೆ ಹೇಳಿದರು. “ಮದುವೆಯಾಗಿ ಬಂದ ಮೇಲೆ ಎಷ್ಟೋ ವರ್ಷ ವರ್ಕ್‌ಶಾಪಿನ ಗೇಟಿಗೆ ಡಬ್ಬಿ ಕೊಟ್ಟಿದ್ದೇನೆ. ಗೇಟಿನ ಒಳಗೆ ಏನಿದೆ ಎಂದು ಒಂದು ದಿನವೂ ನೋಡಲಿಲ್ಲ. ಅವರು ಮನೆಗೆ ಬಂದು ಎಂಜಿನ್ನಿನ ಸುದ್ದಿ ಹೇಳುವರು, ನಾನು ಹೂಂಗುಟ್ಟುವೆ. ಮುದುಕರಾದ ಮೇಲೆ ಒಂದು ಸಲ, ರೈಲಿನಲ್ಲಿ ದೂರ ಎಲ್ಲಾದರೂ ಹೋಗೋಣ ಅಂದಿದ್ದರು. ಮಕ್ಕಳ ಪರೀಕ್ಷೆ ಮುಗಿಯಲಿ ಅಂದೆ. ಆಮೇಲೆ ಮದುವೆ ಮುಗಿಯಲಿ ಅಂದೆ. ಅಷ್ಟರಲ್ಲಿ ಅವರೇ ಹೊರಟುಹೋದರು.”

ಮಗಳು ಅಜ್ಜಿಯ ಕೈ ಹಿಡಿದುಕೊಂಡಳು. ಆಮೇಲೆ ಮ್ಯೂಸಿಯಮ್ ಪೂರ್ತಿ ಅತ್ತೆಯದೇ ಆಯಿತು. ಇದು ಕೆಂಪು ದೀಪ, ಇದು ಹಸಿರು, ಇದನ್ನು ಹೀಗೆ ಬೀಸಿದರೆ ಗಾಡಿ ನಿಲ್ಲುತ್ತದೆ ಎಂದು ಹೂಂಗುಟ್ಟುತ್ತ ಕೇಳಿದ್ದನ್ನೆಲ್ಲ ಒಂದೊಂದಾಗಿ ಹೇಳಿದರು. ನನ್ನ ಮಗ, ಕ್ರಿಕೆಟ್ ಬಿಟ್ಟು ಬಂದೆನಲ್ಲ ಎಂದು ಎರಡು ದಿನ ಗೊಣಗಿದವನು, ಬಾಯಿ ತೆರೆದು ಕೇಳುತ್ತಿದ್ದ.

ಹಿಂದಿರುಗುವಾಗ ನಿಲ್ದಾಣಕ್ಕೂ ಹೋದೆವು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಅಲ್ಲಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದವಿದೆ, ಜಗತ್ತಿನಲ್ಲೇ ಅತಿ ಉದ್ದದ್ದೆಂದು ಗಿನ್ನೆಸ್ ದಾಖಲೆ ಸೇರಿದೆ. ಮೊಣಕಾಲು ನೋವಿನ ಅತ್ತೆ ಬೆಂಚಿನ ಮೇಲೆ ಕುಳಿತರು. ಮಕ್ಕಳು ಕೊನೆ ಮುಟ್ಟಿ ಬರುತ್ತೇವೆಂದು ಹೊರಟರು. ಹೋಗುತ್ತ ಹೋಗುತ್ತ ಇಬ್ಬರೂ ಚಿಕ್ಕವರಾಗಿ ಕಂಡರು. ಮಗಳು ಅಣ್ಣನಿಗಿಂತ ಎರಡು ಹೆಜ್ಜೆ ಮುಂದೆಯೇ ಇದ್ದಳು. ಅತ್ತೆ ಅತ್ತಲೇ ನೋಡುತ್ತ, “ನಡೆಯಲಿ ಬಿಡು” ಎಂದರು. ನಾನು ಯಾರನ್ನೂ ತಡೆದಿರಲಿಲ್ಲ. ಆ ಮಾತು ಅವರು ತಮಗೇ ಹೇಳಿಕೊಂಡದ್ದೇನೋ.

ನಾಲ್ಕನೆಯ ದಿನ ಮನೆಯಲ್ಲೇ ಕಳೆಯಿತು. ರೊಟ್ಟಿ ಮಾಡುವುದಿತ್ತು, ಪಾತ್ರೆಗಳೂ ಇದ್ದವು. ಆದರೆ ಪಾತ್ರೆ ತೊಳೆಯಲು ಮಗ ಕುಳಿತ. ಪ್ರವಾದಿ(ಸ) ಮನೆಯಲ್ಲಿ ತಮ್ಮ ಬಟ್ಟೆಗೆ ತಾವೇ ಹೊಲಿಗೆ ಹಾಕುತ್ತಿದ್ದರು, ಮನೆಗೆಲಸದಲ್ಲಿ ಕೈಜೋಡಿಸುತ್ತಿದ್ದರು ಎಂಬುದನ್ನು ನಾವು ಗಂಡುಮಕ್ಕಳಿಗೆ ಪಾಠವಾಗಿ ಹೇಳುತ್ತೇವೆ. ಪಾತ್ರೆ ಮಾತ್ರ ಹೆಣ್ಣುಮಕ್ಕಳ ಕೈಗೆ ಕೊಡುತ್ತೇವೆ. ಎರಡು ಲೋಟ ಒಡೆದವು, ಪರವಾಗಿಲ್ಲ.

ಮೂರು ದಿನದ ಖರ್ಚನ್ನು ಪತಿ ಕೇಳಿದಾಗ ಲೆಕ್ಕ ಒಪ್ಪಿಸಿದೆ. ಒಂದು ಮದುವೆಗೆ ನಾವು ಕೊಡುವ ಉಡುಗೊರೆಗಿಂತ ಕಡಿಮೆಯಾಗಿತ್ತು. ಸಹೋದರಿಯರೇ, ನಮಗೆ ಕೊರತೆ ಇದ್ದದ್ದು ಹಣದ್ದಲ್ಲ. ಹೆಣ್ಣುಮಗಳಿಗೂ ಬಿಡುವು ಬೇಕು, ಅವಳ ಊರು ಅವಳದೂ ಹೌದು ಎಂದು ಮನೆಯಲ್ಲಿ ಒಬ್ಬರು ಬಾಯಿ ಬಿಟ್ಟು ಹೇಳುವುದರ ಕೊರತೆ. ಹೆಚ್ಚಿನ ಮನೆಗಳಲ್ಲಿ ಆ ಒಬ್ಬರು ತಾಯಿಯೇ ಆಗಬೇಕಾಗುತ್ತದೆ. ನಾನು ಅದನ್ನು ಹೇಳಲು ಒಂಬತ್ತು ತರಗತಿಗಳಷ್ಟು ತಡಮಾಡಿದೆ.

ಶಾಲೆ ತೆರೆದ ವಾರವೇ ಅದೇ ಪ್ರಬಂಧ ಬಂತು. ರಾತ್ರಿ ಮಗಳು ಬರೆಯಲು ಕುಳಿತಳು. ಎರಡು ಪುಟ ಮುಗಿದು ಮೂರನೆಯದಕ್ಕೆ ಹೋಯಿತು. ಅತ್ತೆ ತಮ್ಮ ಮಂಚದಿಂದಲೇ, “ಕೈದೀಪದ ಸುದ್ದಿ ಬರೆದೆಯಾ?” ಎಂದು ಕೇಳಿದರು. “ಬರೆದೆ ದಾದಿ.” “ನನ್ನ ಹೆಸರು?” “ಅದನ್ನೂ ಬರೆದೆ.”

ಸ್ವಲ್ಪ ಹೊತ್ತು ಸುಮ್ಮನಿದ್ದು ಅತ್ತೆ ಮತ್ತೆ ಹೇಳಿದರು. “ಬೇಸಿಗೆ ರಜೆಗೆ ಜೋಗಕ್ಕೂ ಹೋಗಬೇಕು, ಇನ್‌ಶಾ ಅಲ್ಲಾಹ್. ಒಂದು ಸಲ ಬರೆದಾಗಿದೆಯಲ್ಲ, ಅದನ್ನೂ ನಿಜ ಮಾಡಬೇಕು.”

“ಬೇಸಿಗೆಯಲ್ಲಿ ಅಲ್ಲಿ ನೀರು ಕಡಿಮೆ ದಾದಿ. ಮಳೆಗಾಲಕ್ಕೆ ಹೋಗೋಣ” ಎಂದಳು ಮಗಳು, ಪೆನ್ನು ಕೆಳಗಿಡದೆ.