ಅರಸಿ ಬಿಡಾರ ಮಾಡಿದ ಮನೆ

ಬೀಗರು ಬರುವರೆಂದರೆ ಎಂಟು ದಿನ ಮೊದಲೇ ಸುಣ್ಣ ಸಾರಣೆಗೆ ತೊಡಗುವವರು ನಾವು. ಬರುವವರು ದೇಶದ ಅರಸಿಯೇ ಆಗಿ, ಪರಿವಾರಸಮೇತರಾಗಿ 19 ದಿನ ನಿಂತರೆ ಗೃಹಸ್ಥನ ಗತಿಯೇನು? 1575ನೆಯ ಇಸವಿ ಜುಲೈ ತಿಂಗಳಲ್ಲಿ ಇಂಗ್ಲೆಂಡಿನ ವಾರಿಕ್‌ಷೈರ್ ಪ್ರಾಂತದ ಕೆನಿಲ್‌ವರ್ತಿನಲ್ಲಿ ನಡೆದುದು ಇದೇ. ಮೊದಲನೆಯ ಎಲಿಜಬೆತ್ ರಾಣಿಯವರಿಗೆ ಬೇಸಗೆಯಲ್ಲಿ ಪ್ರಭುಗಳ ಮನೆಗಳಲ್ಲಿ ಬಿಡಾರ ಮಾಡುತ್ತ ಸಂಚರಿಸುವ ರೂಢಿಯಿದ್ದಿತು.

ಮನೆಯೊಡೆಯನು ಲೆಸ್ಟರಿನ ಅರ್ಲ್ ರಾಬರ್ಟ್ ಡಡ್ಲಿ. ಆ ಕೋಟೆಮನೆಯನ್ನು 1563ರಲ್ಲಿ ಅವನಿಗೆ ದಯಪಾಲಿಸಿದವರು ರಾಣಿಯವರೇ. ಕೊಟ್ಟವರನ್ನು ಕೊಟ್ಟ ಮನೆಗೇ ಅತಿಥಿಯಾಗಿ ಬರಮಾಡಿಕೊಳ್ಳುವುದು ಸುಲಭದ ಮರ್ಯಾದೆಯಲ್ಲ. ಸರೋವರದ ದೇವಿಯ ವೇಷ ಧರಿಸಿದವಳೊಬ್ಬಳು ನೀರ ಮೇಲೆ ತೇಲಿಬಂದು, ಈ ಸರೋವರವನ್ನು ತಮಗೆ ಒಪ್ಪಿಸಿರುವೆನೆಂದು ಬಿನ್ನವಿಸಿದಳಂತೆ. ರಾಣಿಯವರು ವಂದಿಸಿ, ಅದು ಮೊದಲೇ ತಮ್ಮದೆಂದು ಎಣಿಸಿದ್ದೆವೆಂದೂ, ಆ ಮಾತನ್ನು ಮುಂದೆ ವಿಚಾರಿಸೋಣವೆಂದೂ ಅಂದರು. ಅರ್ಲನ ಮುಖ ಆಗ ಹೇಗಿದ್ದಿತೋ! ಗೋಪುರದ ಗಡಿಯಾರವನ್ನೂ ನಿಲ್ಲಿಸಿದ್ದರು. ಅದರ ಮುಳ್ಳುಗಳು ಔತಣದ ಹೊತ್ತಾದ ಎರಡು ಗಂಟೆಯನ್ನೇ ತೋರುತ್ತಿದ್ದುವು.

ಇಷ್ಟು ಸಂಭ್ರಮದ ಹಿಂದೆ ರಾಣಿಯ ಕೈಹಿಡಿಯುವ ಆಸೆಯಿದ್ದಿತೆಂದು ಚರಿತ್ರಕಾರರು ಊಹಿಸುತ್ತಾರೆ. ವಿವಾಹವನ್ನು ಸೂಚಿಸುವ ರೂಪಕವೊಂದು ಸಿದ್ಧವಾಗಿದ್ದಿತು. ಆದರೆ ಅದು ರಂಗವನ್ನೇರಲಿಲ್ಲ. ಹವೆ ಕೆಟ್ಟಿತೆಂದು ಕಾರಣ ಹೇಳಿದರು. ದೊಡ್ಡವರ ಮನೆಗಳಲ್ಲಿ ಮಳೆಯು ಎಷ್ಟೋ ಮಾತುಗಳನ್ನು ಮುಚ್ಚಿಡುತ್ತದೆ. ಅರ್ಲನು 1578ರಲ್ಲಿ ಬೇರೊಬ್ಬಳನ್ನು ವರಿಸಿದನು. ರಾಣಿಯವರು ಕಡೆಯವರೆಗೂ ಅವಿವಾಹಿತರಾಗಿಯೇ ಉಳಿದರು.

ನಮಗೆ ಹೆಚ್ಚು ಹಿಡಿಸಿದುದು ನೆರೆಯ ಕವೆಂಟ್ರಿ ಪಟ್ಟಣದವರ ಸಂಗತಿ. ಡೇನರನ್ನು ಗೆದ್ದ ಕಥೆಯನ್ನು ಅವರು ವರ್ಷವರ್ಷವೂ ಆಡುತ್ತಿದ್ದರು. ಗಂಡಸರು ಕಾದುವರು, ಕಡೆಗೆ ಹೆಂಗಸರು ಸೆರೆಯಾಳುಗಳನ್ನು ಎಳೆದೊಯ್ಯುವರು. ಊರಿನ ಬೋಧಕರು ಕೆಲವರು ಅದನ್ನು ನಿಲ್ಲಿಸಿಬಿಟ್ಟಿದ್ದರು. ತಮ್ಮ ಹಿರಿಯರ ಆಟ ಉಳಿಯಬೇಕಾದರೆ ಅರಸಿಯ ಮುಂದೆ ಆಡುವುದೊಂದೇ ದಾರಿಯೆಂದು, ಕಾಕ್ಸ್ ಎಂಬ ಕಲ್ಲುಕುಟಿಗನನ್ನು ಮುಂದಿಟ್ಟುಕೊಂಡು 17ನೆಯ ತಾರೀಖು ಭಾನುವಾರ ಅಂಗಳಕ್ಕೆ ಬಂದರು. ಒಳಗೆ ನರ್ತನ, ಹೊರಗೆ ಜನರ ನೂಕುನುಗ್ಗಲು. ರಾಣಿಯವರು ನೋಡಿದುದು ಸ್ವಲ್ಪವೇ. ಬಡವರ ಆಟವೆಂದು ಅಲ್ಲಿಗೇ ಬಿಟ್ಟಿದ್ದರೆ ಕೇಳುವವರಾರು? ಅವರು ಹಾಗೆ ಮಾಡದೆ, ಮಂಗಳವಾರ ಪುನಃ ಬಂದು ಪೂರ್ತಿಯಾಗಿ ಆಡಬೇಕೆಂದು ಅಪ್ಪಣೆಯಿತ್ತರು. ಆ ದಿನ ನೋಡಿ ಮನಸಾರ ನಕ್ಕು, ಎರಡು ಗಂಡುಜಿಂಕೆಗಳನ್ನೂ ಐದು ಮಾರ್ಕು ಹಣವನ್ನೂ ಕೊಡಿಸಿದರು. ತಮ್ಮ ಆಟಕ್ಕೆ ಇಂಥ ಗೌರವ ಹಿಂದೆಂದೂ ಸಂದಿರಲಿಲ್ಲವೆಂದು ಹೇಳಿಕೊಳ್ಳುತ್ತ ಕವೆಂಟ್ರಿಯವರು ಊರಿಗೆ ಮರಳಿದರು.