ಬಿದನೂರು ಬಿದ್ದ ಮೇಲಿನ ಗೇಣಿ

ನನ್ನ ಪಿಎಚ್‌ಡಿ ಕೆಳದಿ ಅರಸರ ಕಾಲದ ಕರಾವಳಿಯ ಮೇಲೆ. ವಿಷಯ ಹೇಳಿದ ಕೂಡಲೇ ಹೆಚ್ಚಿನವರು ಕೇಳುವುದು, ‘ಅಷ್ಟು ದೊಡ್ಡ ರಾಜ್ಯ ಬಿದ್ದದ್ದು ಹೇಗೆ ಮಾರಾಯ್ರೆ?’ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಿದೆ. 1763ರಲ್ಲಿ ಹೈದರಾಲಿ ಬಂದ, ರಾಣಿ ವೀರಮ್ಮಾಜಿ ಬಿದನೂರಿನ ಅರಮನೆಗೆ ಬೆಂಕಿ ಇಡಿಸಿ ಹೊರಟಳು, ಕೊನೆಗೆ ಸೆರೆಯಾದಳು. ಜೊತೆಗೆ ರಾಣಿಯ ನಡತೆಯ ಬಗ್ಗೆ ಪಿಸುಮಾತು ಸೇರಿಸುವವರೂ ಇದ್ದಾರೆ. ರಾಜ್ಯ ಕಟ್ಟಿದ್ದು ಗಂಡಸರು, ಕಳೆದದ್ದು ಹೆಂಗಸು ಎಂಬ ಹಳೇ ರಾಗ.

ಹಾಸ್ಟೆಲಿನ ಗೆಳೆಯನೊಬ್ಬ ಚೀನಾದ ಮಿಂಗ್ ವಂಶದ ಬಗ್ಗೆ ಓದುತ್ತಾನೆ. 1368ರಲ್ಲಿ ಎದ್ದ ಆ ವಂಶ ಮುಗಿದದ್ದು 1644ರಲ್ಲಿ, ಕೊನೆಯ ಚಕ್ರವರ್ತಿ ಅರಮನೆಯ ಹಿಂದಿನ ಗುಡ್ಡದಲ್ಲಿ ನೇಣು ಹಾಕಿಕೊಂಡಾಗ. ದೈವದ ಅನುಗ್ರಹ ತಪ್ಪಿತು ಎಂದು ಅಲ್ಲಿನ ಹಳೇ ಇತಿಹಾಸಕಾರರ ವಿವರಣೆ. ಆದರೆ ಗೆಳೆಯನ ಮೇಜಿನ ಮೇಲಿರುವ ಪುಸ್ತಕಗಳಲ್ಲಿ ಅದಕ್ಕಿಂತ ಹೆಚ್ಚಾಗಿ ಬರ, ಬೆಳ್ಳಿಯಲ್ಲಿ ಕಟ್ಟಬೇಕಾದ ತೆರಿಗೆ, ಸಂಬಳ ಸಿಗದ ಸೈನಿಕರು ಇದ್ದಾರೆ. ಅವನ್ನು ನೋಡಿ ನನಗೆ ಹೊಟ್ಟೆಕಿಚ್ಚು.

ಮಿಂಗ್ ಮುಗಿದ ಮರುವರ್ಷ ಇಲ್ಲಿ ಶಿವಪ್ಪನಾಯಕ ಪಟ್ಟವೇರಿದ. ನಮ್ಮೂರು ಹಾಲಾಡಿಯಲ್ಲಿ ನಿಂತರೆ ಆ ರಾಜ್ಯದ ಬೆನ್ನೆಲುಬು ಕಾಣುತ್ತದೆ. ಮೇಲೆ ಹೋದರೆ ಸಿದ್ದಾಪುರ, ಹೊಸಂಗಡಿ, ಬಾಳೆಬರೆ ಘಾಟಿ, ಆಮೇಲೆ ಈಗ ಬರೀ ನಗರ ಎನ್ನುವ ಬಿದನೂರು. ವಾರಾಹಿ ಹೊಳೆಗುಂಟ ಕೆಳಗಿಳಿದರೆ ಬಸರೂರು, ಗಂಗೊಳ್ಳಿ. ಮೇಲಿನ ಕಾಳುಮೆಣಸು, ಕೆಳಗಿನ ಅಕ್ಕಿ, ಎರಡಕ್ಕೂ ಸಮುದ್ರದ ಬಾಗಿಲು ಇಲ್ಲಿತ್ತು. ಪೋರ್ಚುಗೀಸರು ಬಸರೂರಿನಲ್ಲಿ ಕೋಟೆ ಕಟ್ಟಿ ಕೂತದ್ದು ಹೆಚ್ಚಾಗಿ ಅಕ್ಕಿಗಾಗಿ. ಶಿವಪ್ಪನಾಯಕ 1650ರ ದಶಕದಲ್ಲಿ ಅವರನ್ನು ಅಲ್ಲಿಂದ ಎಬ್ಬಿಸಿದ. 1665ರಲ್ಲಿ ಶಿವಾಜಿ ಹಡಗು ತಂದು ಬಸರೂರು ಲೂಟಿ ಮಾಡಿದ್ದೂ ಅಲ್ಲಿ ಸಂಪತ್ತು ಇದ್ದುದರಿಂದಲೇ.

ಆ ಸಂಪತ್ತು ಗದ್ದೆಯಿಂದ ಬಂದದ್ದು. ಶಿವಪ್ಪನಾಯಕನ ‘ಶಿಸ್ತು’ ನಮಗೆ ಶಾಲೆಯಿಂದಲೇ ಗೊತ್ತು. ಭೂಮಿಯನ್ನು ಐದು ತರ ಮಾಡಿ, ಹನ್ನೆರಡು ವರ್ಷದ ಫಸಲು ಲೆಕ್ಕ ಹಾಕಿ, ಮೂರರಲ್ಲೊಂದು ಪಾಲು ಅರಮನೆಗೆ. ಒಳ್ಳೆಯ ಲೆಕ್ಕವೇ. ಆದರೆ ಉಳಿದ ಎರಡು ಪಾಲು ಉತ್ತವನಿಗೇ ಸಿಕ್ಕಿತೋ, ನಡುವೆ ಇದ್ದವರಿಗೋ ಎಂದು ನಮ್ಮ ಪಠ್ಯಪುಸ್ತಕ ಕೇಳಲಿಲ್ಲ.

1799ರಲ್ಲಿ ಕೆನರಾಕ್ಕೆ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ ಹಳೇ ಕಡತಗಳನ್ನು ತೆಗೆಸಿ ನೋಡಿದ. ಅವನ ವರದಿ ಓದುವಾಗ ನನ್ನ ಪ್ರಬಂಧದ ಚೌಕಟ್ಟೇ ಅಲುಗಾಡಿತು. ವಿಜಯನಗರದ ಕಾಲದ ‘ರೇಖೆ’ ಎಂಬ ಕಂದಾಯ ಅಡಿಯಲ್ಲಿ ಹಾಗೆಯೇ ಇದೆ. ಅದರ ಮೇಲೆ ಬಿದನೂರಿನವರ ಹೆಚ್ಚುವರಿ. ಅದರ ಮೇಲೆ ಹೈದರ್, ಟಿಪ್ಪು ಕಾಲದಲ್ಲಿ ಬೆಳೆದ ‘ಶಾಮಿಲು’. ಅರಮನೆ ಸುಟ್ಟಿತ್ತು, ಲೆಕ್ಕ ಸುಟ್ಟಿರಲಿಲ್ಲ. ಹೈದರ್ ತನ್ನ ಚಿನ್ನದ ನಾಣ್ಯದ ಮೇಲೆ ಇಕ್ಕೇರಿ ವರಹದ ಶಿವಪಾರ್ವತಿಯರನ್ನು ಸಹ ಹಾಗೆಯೇ ಇಟ್ಟುಕೊಂಡ.

ಇದನ್ನೆಲ್ಲ ಅಜ್ಜಿಗೆ ಹೇಳಿದೆ. ಅಜ್ಜ ಚಾಲಗೇಣಿ ಒಕ್ಕಲು. 1974ರ ಭೂಸುಧಾರಣೆ ಬಂದು ಡಿಕ್ಲರೇಶನ್ ಹಾಕುವವರೆಗೂ ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಎಂದು ಧಣಿಗಳ ಮನೆಗೆ ಹೊತ್ತವರು. ಮಳೆ ಕೈಕೊಟ್ಟ ವರ್ಷವೂ ಮುಡಿ ಕಡಿಮೆಯಾಗುತ್ತಿರಲಿಲ್ಲ. ಮನೆಯಲ್ಲಿ ಗೆಣಸು ಬೇಯುತ್ತಿತ್ತು. ಅಜ್ಜಿ ವೀಳ್ಯಕ್ಕೆ ಸುಣ್ಣ ಹಚ್ಚುತ್ತಾ, ‘ಯಾರ್ ರಾಜ ಆರೆ ಎಂತ ಮಗಾ, ಗೇಣಿ ಕೊಡುದ್ ತಪ್ಪುತ್ತಾ?’ ಎಂದರು. ಆಮೇಲೆ, ಡಿಕ್ಲರೇಶನ್ ಹಾಕಿದ ವರ್ಷ ಹೊಸ ಅಕ್ಕಿಯನ್ನು ಯಾರಿಗೂ ಅಳೆಯದೆ ಒಳಗೆ ತಂದಿಟ್ಟದ್ದನ್ನು ಹೇಳತೊಡಗಿದರು. ರಾತ್ರಿ ಎರಡು ಸಲ ಎದ್ದು ಹೋಗಿ ಮುಡಿ ಮುಟ್ಟಿ ನೋಡಿದ್ದರಂತೆ.

ಪ್ರಬಂಧವನ್ನು 1763ಕ್ಕೆ ನಿಲ್ಲಿಸುವುದಿಲ್ಲ, 1800ರ ಮನ್ರೋ ಲೆಕ್ಕದವರೆಗೂ ತರುತ್ತೇನೆ ಎಂದು ಮಾರ್ಗದರ್ಶಕರಿಗೆ ಬರೆದಿದ್ದೇನೆ. ‘ವಂಶ ಮುಗಿದ ಮೇಲೆ ಎಂತದ್ದು?’ ಎಂದು ಕೇಳಿದ್ದಾರೆ. ಒಪ್ಪಿಗೆ ಇನ್ನೂ ಬಂದಿಲ್ಲ. ನಾನು ಆ ಅಧ್ಯಾಯ ಬರೆಯಲು ಶುರು ಮಾಡಿದ್ದೇನೆ.